ಎಳೆ ಹರಿದಷ್ಟು ಹೊತ್ತು

ಅತ್ತಿಗೆ ಆಂಜಿನಮ್ಮನ ಧಾರಾವಾಹಿ ಏಳೂವರೆಗೆ.
ಅದೇ ಏಳೂವರೆಗೆ ಇನಾಯತ್ ಸಾಬರ ಫಿಲೇಚರಿನಲ್ಲಿ
ಕುದಿನೀರಿನ ಮುಂದೆ ಅವಳ ಎರಡನೇ ಪಾಳಿ.
ಮಾರನೆ ದಿನ ನಲ್ಲಿ ಹತ್ತಿರ ಕಥೆ ಕೇಳುತ್ತಾಳೆ:
ಆ ಸೊಸೆ ಒಬ್ಬರ ಬಾಯಲ್ಲಿ ಅತ್ತಳು,
ಇನ್ನೊಬ್ಬರ ಬಾಯಲ್ಲಿ ನಕ್ಕಳು.

"ನಿನ್ನ ಆ ಡಬ್ಬದೊಳಗೆ ಹಿಡಿದಿಡೋಕಾಗಲ್ವೇನೋ?"
ಆಗುತ್ತೆ ಅಂದೆ. ಅಂದಮೇಲೆ ಆಗಲೇಬೇಕಲ್ಲ.

ಎಸ್.ಪಿ. ರೋಡಿನಲ್ಲಿ ಏಳು ಅಂಗಡಿ ಹತ್ತಿಳಿದೆ.
ಲಿನಕ್ಸ್ ಅಂದರೆ ಒಬ್ಬ "ಅದು ಯಾವ ಕಂಪನಿ?"
ಇನ್ನೊಬ್ಬ ಡಬ್ಬಿಯ ಮೇಲಿನ ಹುಡುಗಿಯನ್ನು ತೋರಿಸಿ
"ಎಲ್ಲಾದರಲ್ಲೂ ಬರುತ್ತೆ ಸಾರ್, ಫುಲ್ ಕಲರ್ರು."
ಗೂಡು ಕೊಳ್ಳುವವನು ಬುಟ್ಟಿ ನೋಡುತ್ತಾನೆಯೆ?
ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ.
ನಾನೂ ಸ್ಟಿಕ್ಕರಿನ ಮೂಲೆ ಉಗುರಲ್ಲಿ ಎಬ್ಬಿಸಿ
ಕೆಳಗಿನ ಚಿಪ್ಪಿನ ನಂಬರು ಓದಿದೆ.
ಮುನ್ನೂರೈವತ್ತು. ಸೆಕೆಂಡ್ ಹ್ಯಾಂಡು. ಗ್ಯಾರಂಟಿ ಇಲ್ಲ.
ಕೊನೇ ಬಸ್ಸಿಗೆ ಶಿಡ್ಲಘಟ್ಟಕ್ಕೆ, ತೊಡೆಯ ಮೇಲಿಟ್ಟುಕೊಂಡು.

ಚಿಪ್ಪು ಸರಿ. ಆದರೆ ಕಾರ್ಡಿಗೆ ತಾನು ಯಾರೆಂದು ಗೊತ್ತಿಲ್ಲ.
ನೀನೇ ಹೇಳು, ಎನ್ನುತ್ತದೆ ಡ್ರೈವರು,
ನೂರಕ್ಕೂ ಮೇಲೆ ಸಂಖ್ಯೆ ಮುಂದಿಟ್ಟು.
ಒಂದು ಎಂದೆ: ಕತ್ತಲೆ. ಎರಡು: ಕತ್ತಲೆ.
ಇಪ್ಪತ್ತನಾಲ್ಕಕ್ಕೆ ಚಿತ್ರ ಬಂತು, ಎಲ್ಲರ ಮುಖ ಹಸಿರು.
ಮೂವತ್ತೇಳಕ್ಕೆ ಬಣ್ಣ ಸರಿಹೋಯಿತು, ಮಾತಿಲ್ಲ.
ಮೂರು ದಿನ ಮೂಕಿ ಸೊಸೆಯ ಗೋಳು ನೋಡಿ
ನಾಲ್ಕನೇ ದಿನ ತಿಳಿಯಿತು:
ಕಾರ್ಡಿನ ಬೆನ್ನಿಂದ ಸೌಂಡಿನ ತೂತಿಗೆ
ಒಂದು ಗೇಣು ವೈರು ಕೊಡಬೇಕಂತೆ. ಇಷ್ಟೇ.
ಹಳೇ ವಾಕ್‌ಮನ್ನಿನ ಬಾಲ ಕತ್ತರಿಸಿ ಬೆಸೆದೆ.

ಇನ್ನು ರೆಕಾರ್ಡು ಮಾಡುವ ತಂತ್ರಾಂಶ.
ಒಂದು, ಮದುವೆ ಛತ್ರದಂಥದು:
ಮೊದಲು ಡೇಟಾಬೇಸು ಕಟ್ಟು, ಹಿಂಬಾಗಿಲಿಗೊಂದು
ಮುಂಬಾಗಿಲಿಗೊಂದು ಪಾಸ್‌ವರ್ಡು, ವಾರದ ಪಟ್ಟಿ ತಾ.
ಪಟ್ಟಿ ಎಲ್ಲಿಂದ ತರಲಿ? ಕೇಬಲ್ ದ್ಯಾವಪ್ಪ
ಅಮಾವಾಸ್ಯೆಗೊಮ್ಮೆ ಚಾನೆಲ್ಲುಗಳ ಜಾಗವನ್ನೇ ಬದಲಾಯಿಸುತ್ತಾನೆ.
ಇನ್ನೊಂದಕ್ಕೆ ಮುಖವೇ ಇಲ್ಲ. ಕಪ್ಪು ಪರದೆ, ಒಂದು ಸಾಲು:
ಯಾವಾಗ, ಎಷ್ಟು ಹೊತ್ತು, ಏನೆಂದು ಹೆಸರು.
ಅದನ್ನೇ ಹಿಡಿದೆ. ಮೂರು ನಿಮಿಷ ಮುಂಚೆ, ಆರು ನಿಮಿಷ ಆಚೆಗೆ;
ಅವರ ಗಡಿಯಾರಕ್ಕೂ ನನ್ನದಕ್ಕೂ ಜಾತಕ ಕೂಡಿರಲಿಲ್ಲ.

ಕರೆಂಟು ಹೋದ ದಿನ ಹದಿನೇಳೇ ನಿಮಿಷ.
ದ್ಯಾವಪ್ಪ ಕೈಯಾಡಿಸಿದ ದಿನ ಅರ್ಧ ಗಂಟೆ ಪೂರಾ
ಬೋಳುತಲೆಗೆ ಗಿಡಮೂಲಿಕೆ ಎಣ್ಣೆ.
ಆದರೂ ಹನ್ನೊಂದು ಕಂತು!
ಹುಮ್ಮಸ್ಸು ಹೆಚ್ಚಿ, ಒಂದು ರಾತ್ರಿ ಕೂತು
ಜಾಹೀರಾತು ಕತ್ತರಿಸುವ ಉಪಾಯವನ್ನೂ ಬರೆದೆ,
ಪರದೆ ಪೂರ್ತಿ ಕಪ್ಪಾದ ಕಡೆ ಕತ್ತರಿ.
ಅರ್ಧ ಗಂಟೆ ಹತ್ತೊಂಬತ್ತು ನಿಮಿಷಕ್ಕಿಳಿಯಿತು.
ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಫಿಲೇಚರಿಗೆ ರಜೆ.
ಅತ್ತಿಗೆ ಬಂದು ಕೂತಳು, ತೊಡೆ ಮೇಲೆ ಹುರುಳಿಯ ಮೊರ,
ಬಿಸಿನೀರಲ್ಲಿ ನೆನೆದೂ ನೆನೆದೂ
ಗೆರೆ ಅಳಿಸಿಹೋದ ಬೆರಳುಗಳು.
ಒಂದರ ಹಿಂದೊಂದು ಎರಡು ಕಂತು ಮುಗಿದರೂ
ಒಂದು ಕಲ್ಲನ್ನೂ ಆರಿಸಿರಲಿಲ್ಲ.
"ಮಧ್ಯೆ ಅಡ್ವಟೈಸು ಬರಲ್ವೇನೋ?"
"ತೆಗೆದುಬಿಟ್ಟೆ ಅತ್ತಿಗೆ."
"ಮತ್ತೆ ತಲೆ ಎತ್ತೋದು ಯಾವಾಗ?"

ನಾನು ಸುಮ್ಮನಾದೆ. ಅವಳೇ ಅಂದಳು:
"ಅಲ್ಲಿ ಎಳೆ ಹರಿದರೆ ರಾಟೆ ನಿಲ್ಲುತ್ತೆ.
ಹೊಸ ತುದಿ ಹುಡುಕಿ ಸೇರಿಸೋವರೆಗೆ
ಕತ್ತು ತಿರುಗಿಸಬಹುದು.
ಷಮೀಮನ ಮಗೂಗೆ ಜ್ವರ ಬಿಡ್ತಾ, ಕೇಳಬಹುದು.
ಹರೀದೇ ಇರೋ ಎಳೆ ಸಾಹುಕಾರನಿಗೆ ಚೆನ್ನ ಕಣೋ."

ಆ ರಾತ್ರಿ ಕತ್ತರಿಯ ಸಾಲಿನ ಮುಂದೆ
ಒಂದು ಗುರುತು ಹಾಕಿ ಮಲಗಿಸಿದೆ.
ಕತ್ತರಿಸಿದ್ದು ಹೋದದ್ದೇ. ಹನ್ನೆರಡನೆಯದರಿಂದ
ಸೋಪು ಇದೆ, ಸೀರೆ ಅಂಗಡಿ ಇದೆ,
ಡಿಸ್ಕಿನಲ್ಲಿ ಜಾಗ ಸಾಲದೆ ನನ್ನ ಕ್ರಿಕೆಟ್ಟು ಅಳಿಸಿದ್ದೇನೆ.

ಸೋಪಿನ ಹುಡುಗಿ ಜಲಪಾತದ ಕೆಳಗೆ ನಿಂತಳು.
ಅತ್ತಿಗೆ ಮೊರ ಕೊಡವಿ, ನನ್ನ ಕಡೆ ತಿರುಗಿ,
ಷಮೀಮನ ಮಗುವಿಗೆ ಜ್ವರ ಬಿಟ್ಟಿತಂತೆ, ಅಂದಳು.